ನೇರಳೆ ಹಣ್ಣಿನಂಥ ಕಪ್ಪು

ಹೋದ ವರ್ಷ ಆಗಸ್ಟ್‌ನಲ್ಲಿ ಒಂದು ಭಾನುವಾರ, ಕರ್ರಗೆ ಮಿಂಚುತ್ತಿದ್ದ ನನ್ನ ಮಾಡೆಲ್ ರೈಲು ಇಂಜಿನ್ ಇದ್ದಕ್ಕಿದ್ದಂತೆ ಬೆಳ್ಳಗಾಯಿತು. ಬಣ್ಣ ಹೊಡೆದು ಐದು ನಿಮಿಷ ಆಗಿತ್ತೇನೋ. ಕೈ ತೊಳೆದುಕೊಂಡು ಬಂದು ನೋಡುತ್ತೇನೆ, ಬಾಯ್ಲರ್ ಪೂರ್ತಿ ವಿಭೂತಿ ಬಳಿದುಕೊಂಡು ಕೂತಿದೆ. ಮಗಳು ಬಗ್ಗಿ ನೋಡಿ "ಅಪ್ಪಾ, ಇದಕ್ಕೂ ಬೂಸ್ಟು ಹಿಡೀತು" ಅಂದಳು. ಹಾಸನದ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಬೀರುವಿನಲ್ಲಿಟ್ಟ ಕೋಟಿಗೆ ಬೂಸ್ಟು ಹಿಡಿಯೋದು ಗೊತ್ತಿತ್ತು. ಬಣ್ಣಕ್ಕೂ ಹಿಡಿಯುತ್ತೆ ಅಂತ ಗೊತ್ತಿರಲಿಲ್ಲ.

ಅದು ಬೂಸ್ಟಲ್ಲ, ಬೇರೆ ಕಥೆ. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಇಂಜಿನ್ ಯಾವುದು ಅಂತ ಹೇಳಿಬಿಡುತ್ತೇನೆ.

ವೈಪಿ. ಮೀಟರ್ ಗೇಜಿನ ಪ್ಯಾಸೆಂಜರ್ ಇಂಜಿನ್. ಮುಂದೆ ನಾಲ್ಕು ಚಿಕ್ಕ ಚಕ್ರ, ನಡುವೆ ಆರು ದೊಡ್ಡವು, ಹಿಂದೆ ಎರಡು. ಜಮ್ಷೆಡ್‌ಪುರದ ಟೆಲ್ಕೊ ಕಾರ್ಖಾನೆಯಲ್ಲೂ ಇವನ್ನು ಕಟ್ಟಿದ್ದರು. ಮೈಸೂರು–ಹಾಸನ–ಅರಸೀಕೆರೆ ಲೈನು ಇನ್ನೂ ಮೀಟರ್ ಗೇಜ್ ಇದ್ದಾಗ ನಾನು ನೋಡುತ್ತಾ ಬೆಳೆದದ್ದು ಇಂಥ ಕರಿ ಇಂಜಿನ್‌ಗಳನ್ನೇ. ನನಗೆ ಬೇಕಾದ ಅಳತೆಯಲ್ಲಿ ಇದರ ಮಾಡೆಲ್ ರೆಡಿ ಸಿಗಲಿಲ್ಲ. ಹಾಗಾಗಿ ಲೆಕ್ಕ ಹಾಕಿದೆ. ಮಾಡೆಲ್ ರೈಲುಗಳಲ್ಲಿ ಎಚ್‌ಒ ಅನ್ನುವ ಅಳತೆಯ ಹಳಿಯ ಅಗಲ 16.5 ಮಿಲಿಮೀಟರ್. ನಿಜವಾದ ಮೀಟರ್ ಗೇಜ್ 1000 ಮಿಲಿಮೀಟರ್. ಭಾಗಿಸಿದರೆ ಸುಮಾರು ಅರವತ್ತೂವರೆ ಬರುತ್ತದೆ. ಸರಿ, 1:60 ಅಂತ ಇಟ್ಟುಕೊಂಡು, ಹಳೆಯ ಎಚ್‌ಒ ಇಂಜಿನ್ ಒಂದರ ಚಾಸಿಯನ್ನು ಸ್ವಲ್ಪ ಕೊಯ್ದು ಜೋಡಿಸಿ, ಮೇಲಿನ ಬಾಡಿಯನ್ನು ಬೆಂಗಳೂರಿನಲ್ಲಿ ರೆಸಿನ್‌ನಲ್ಲಿ ತ್ರೀಡಿ ಪ್ರಿಂಟ್ ಮಾಡಿಸಿದೆ. ಟೆಂಡರ್, ಅಂದರೆ ನೀರು-ಕಲ್ಲಿದ್ದಲು ತುಂಬುವ ಹಿಂದಿನ ಗಾಡಿ, ಅದನ್ನು ಬಿಟ್ಟು ಇಂಜಿನ್ ಒಂದೇ ಸುಮಾರು ಒಂದು ಗೇಣು ಉದ್ದ.

ಇದಕ್ಕೆ ಯಾಕೆ ಹೊಳೆಯುವ ಕಪ್ಪೇ ಬೇಕಿತ್ತು ಅಂದರೆ, ಕಾರಣ ನನ್ನ ಸೋದರಮಾವ. ಅವರು ಅರಸೀಕೆರೆಯಲ್ಲಿ ಇಂಜಿನ್‌ಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದರು. ನನಗೆ ಏಳೋ ಎಂಟೋ ವರ್ಷ ಇದ್ದಾಗ ಆಯುಧಪೂಜೆಗೆ ಕರೆದುಕೊಂಡು ಹೋಗಿದ್ದರು. ಇಂಜಿನ್ ಮುಂದೆ ಎರಡು ಬಾಳೆಕಂದು ಕಟ್ಟಿ, ಚೆಂಡು ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಅದಕ್ಕೂ ಮೊದಲು, ಬೆಳಗ್ಗೆಯಿಂದ ನಾಲ್ಕೈದು ಜನ ಕಾಟನ್ ವೇಸ್ಟನ್ನು ಎಣ್ಣೆಯಲ್ಲಿ ಅದ್ದಿ ಅದ್ದಿ ಇಂಜಿನ್ ಮೈ ಒರೆಸುತ್ತಿದ್ದರು. ಅದರ ಬಾಯ್ಲರ್ ಮೇಲೆ ನನ್ನ ಮುಖ ಉದ್ದಕ್ಕೆ ಎಳೆದಂತೆ ಕಂಡಿತ್ತು, ಹಾರದ ಹಳದಿಯೂ ಕಂಡಿತ್ತು. ನನಗೆ ಬೇಕಿದ್ದದ್ದು ಅದೇ, ಆ ಒಂದು ದಿನದ ಇಂಜಿನ್.

ಮಾಡೆಲ್ ಮಾಡುವವರಲ್ಲಿ ಬಹಳ ಜನ ಇದನ್ನು ಒಪ್ಪಲ್ಲ. ಇಷ್ಟು ಚಿಕ್ಕ ಇಂಜಿನ್‌ಗೆ ಗ್ಲಾಸಿ ಹೊಡೆದರೆ ಆಟದ ಸಾಮಾನಿನ ತರ ಕಾಣುತ್ತೆ, ಮ್ಯಾಟ್ ಹೊಡೆದು ಮೇಲೆ ಮಸಿ ಧೂಳು ಹಾಕಿ ಅಂತಾರೆ. ದಿನಾ ಓಡುವ ಇಂಜಿನ್‌ಗೆ ಅದು ಸರಿ. ಆದರೆ ಆಟದ ಸಾಮಾನಿನ ತರ ಕಾಣುವುದಕ್ಕೆ ಹೊಳಪು ಕಾರಣ ಅಂತ ನನಗೆ ಅನ್ನಿಸಲ್ಲ. ದಪ್ಪ ಬಣ್ಣ ಕಾರಣ. ರಿವೆಟ್ ಮುಚ್ಚಿಹೋಗಿ, ಮೂಲೆಗಳೆಲ್ಲ ತುಂಬಿಕೊಂಡು, ಬೆಲ್ಲದ ಪಾಕ ಸುರಿದ ಹಾಗೆ ಆಗಿರುತ್ತಲ್ಲ, ಅದು. ತೆಳ್ಳಗೆ ಹೊಡೆದ ಹೊಳಪು ಹಾಗೆ ಕಾಣುವುದಿಲ್ಲ.

ಇಂಗ್ಲೆಂಡಿನಲ್ಲಿ ಲಂಡನ್ ಆಂಡ್ ನಾರ್ತ್ ವೆಸ್ಟರ್ನ್ ಅಂತ ಒಂದು ರೈಲ್ವೆ ಇತ್ತು, ಕ್ರೂ ಊರಿನಲ್ಲಿ ಅವರ ಇಂಜಿನ್ ಕಾರ್ಖಾನೆ. ಅವರ ಇಂಜಿನ್‌ಗಳ ಕಪ್ಪಿಗೆ ಬ್ಲ್ಯಾಕ್‌ಬೆರಿ ಬ್ಲ್ಯಾಕ್ ಅಂತಲೇ ಹೆಸರು. ಕಪ್ಪಿನ ಮೇಲೆ ಕೋಟ್ ಮೇಲೆ ಕೋಟ್ ವಾರ್ನಿಶ್ ಹೊಡೆದು ಆ ಆಳ ತರುತ್ತಿದ್ದರು. ನಮ್ಮಲ್ಲಾಗಿದ್ದರೆ ನೇರಳೆ ಕಪ್ಪು ಅಂತಿದ್ದರೇನೋ. ಜೂನ್‌ನಲ್ಲಿ ಮಳೆ ನಿಂತ ತಕ್ಷಣ ಮರದ ಕೆಳಗೆ ಬಿದ್ದ ನೇರಳೆ ಹಣ್ಣು ನೋಡಿ. ಕಪ್ಪು ಹೌದು, ಆದರೆ ಬರೀ ಕಪ್ಪಲ್ಲ, ಒಳಗೆಲ್ಲೋ ಒಂದು ಊದಾ ಇರುತ್ತೆ. ಅಂಗಡಿಯ ಶುದ್ಧ ಕಪ್ಪನ್ನು ಇಷ್ಟು ಚಿಕ್ಕ ವಸ್ತುವಿಗೆ ಹಾಗೇ ಹೊಡೆದರೆ ಅದು ಬೆಳಕನ್ನೆಲ್ಲ ನುಂಗಿಬಿಡುತ್ತದೆ, ಯಾವ ವಿವರವೂ ಕಾಣುವುದಿಲ್ಲ. ನಾನು ಕಪ್ಪಿಗೆ ಒಂದೆರಡು ತೊಟ್ಟು ಕಡು ನೀಲಿ, ಅರ್ಧ ತೊಟ್ಟು ಕೆಂಪು ಬೆರೆಸುತ್ತೇನೆ. ಬೇರೆಯವರಿಗೆ ಗೊತ್ತಾಗಲ್ಲ. ಗೊತ್ತಾಗಬಾರದು ಕೂಡ.

ಇದೆಲ್ಲ ಈಗಿನ ಜ್ಞಾನ. ಶುರು ಮಾಡಿದಾಗ ನಾನು ಮಾಡಿದ್ದೇ ಬೇರೆ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗೇಟಿಗೆ ಹೊಡೆಯುವ ಕಪ್ಪು ಎನಾಮೆಲ್ ಚಿಕ್ಕ ಡಬ್ಬಿ ತಂದೆ. ಟರ್ಪೆಂಟೈನ್ ಹಾಕಿ ತೆಳ್ಳಗೆ ಮಾಡಿ, ಒಳ್ಳೆ ಬ್ರಷ್‌ನಲ್ಲಿ ಟೆಂಡರ್‌ಗೆ ಬಳಿದೆ. ಸಂಜೆ ನೋಡಿದರೆ ಕನ್ನಡಿ. ಮರುದಿನ ಬೆಳಗ್ಗೆ ನೋಡಿದರೆ ಅದೇ ಕನ್ನಡಿಯಲ್ಲಿ ಎರಡು ಸೊಳ್ಳೆ, ಒಂದು ಕೂದಲು, ಲೆಕ್ಕವಿಲ್ಲದಷ್ಟು ಧೂಳು. ಡಿಸೆಂಬರ್ ಕೊನೆ ಬೇರೆ. ನಮ್ಮ ಬಡಾವಣೆ ಮುಗಿದ ಕೂಡಲೇ ಹೊಲ ಶುರು, ರಸ್ತೆ ಮೇಲೆ ರಾಗಿ ತೆನೆ ಹರಡಿದ್ದರು, ಗಾಡಿಗಳು ಅದರ ಮೇಲೆ ಓಡಿ ಓಡಿ ಹೊಟ್ಟೆಲ್ಲ ಗಾಳಿಯಲ್ಲಿ. ಎನಾಮೆಲ್ ಒಣಗೋಕೆ ದಿನಗಟ್ಟಲೆ ಬೇಕು, ಅಷ್ಟು ಹೊತ್ತು ಅದು ಅಂಟಂಟಾಗಿ ಬಾಯಿ ತೆರೆದುಕೊಂಡು ಕೂತಿರುತ್ತೆ, ಹಾರಿ ಬಂದದ್ದನ್ನೆಲ್ಲ ಹಿಡಿದುಕೊಳ್ಳುತ್ತೆ.

ಉಜ್ಜಿ ಮತ್ತೆ ಬಳಿದೆ. ಈ ಸಲ ಧೂಳು ಕಮ್ಮಿ, ಬ್ರಷ್ ಗೆರೆ ಜಾಸ್ತಿ. ಮೇಲೆ ಒಂದು ಕೋಟ್ ಕ್ಲಿಯರ್ ಹೊಡೆದರೆ ಗೆರೆ ಮುಚ್ಚುತ್ತೆ ಅಂತ ನಾಲ್ಕನೇ ದಿನ ಕಾರಿನ ಅಂಗಡಿಯ ಕ್ಲಿಯರ್ ಲ್ಯಾಕರ್ ಸ್ಪ್ರೇ ಡಬ್ಬಿ ತಂದು ಹೊಡೆದೆ. ಹತ್ತು ಸೆಕೆಂಡ್ ಚೆನ್ನಾಗಿತ್ತು. ಆಮೇಲೆ ಇಡೀ ಮೈ ಸುಕ್ಕುಗಟ್ಟಿತು, ಕಾಸಿದ ಹಾಲಿನ ಕೆನೆಯನ್ನು ಬೆರಳಲ್ಲಿ ತಳ್ಳಿದ ಹಾಗೆ. ಕಾರಣ ಈಗ ಗೊತ್ತು. ಲ್ಯಾಕರ್ ಒಣಗೋದು ಅದರ ಥಿನ್ನರ್ ಹಾರಿಹೋಗಿ, ನಿಮಿಷಗಳ ಕೆಲಸ. ಎನಾಮೆಲ್ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತೆ. ಮೇಲಿನಿಂದ ಒಣಗಿದಂತೆ ಕಂಡರೂ ಒಳಗೆ ಇನ್ನೂ ಹಸಿ. ಆ ಹಸಿ ಎನಾಮೆಲ್ ಒಳಗೆ ಲ್ಯಾಕರಿನ ಬಿರುಸಾದ ಥಿನ್ನರ್ ನುಗ್ಗಿದರೆ ಅದು ಊದಿಕೊಳ್ಳುತ್ತದೆ, ಜಾಗ ಸಾಲದೆ ಸುಕ್ಕಾಗುತ್ತದೆ. ಚೆನ್ನಾಗಿ ಒಣಗಿದ ಲ್ಯಾಕರ್ ಮೇಲೆ ಎನಾಮೆಲ್ ಹೊಡೆಯಬಹುದು. ಎನಾಮೆಲ್ ಮೇಲೆ ಲ್ಯಾಕರ್ ಬೇಡವೇ ಬೇಡ.

ಆ ಸುಕ್ಕು ಟೆಂಡರ್ ಜೇಬಿನಲ್ಲಿಟ್ಟುಕೊಂಡು, ಸ್ಕೂಟರ್ ಮಡ್‌ಗಾರ್ಡ್ ಪೇಂಟ್ ಮಾಡಿಸುವ ನೆಪದಲ್ಲಿ, ಬಿ.ಎಂ. ರಸ್ತೆ ಕಡೆ ಒಂದು ಟಿಂಕರಿಂಗ್-ಪೇಂಟಿಂಗ್ ಶೆಡ್ಡಿಗೆ ಹೋದೆ. ಅಲ್ಲಿನ ಪೇಂಟರ್ ಭಾಯ್ ಅದನ್ನು ಇಸಿದುಕೊಂಡು, ನಗಲೂ ಇಲ್ಲ, ಏನು ಇದು ಅಂತ ಕೇಳಲೂ ಇಲ್ಲ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಅದರ ಪಕ್ಕೆಯ ಮೇಲೆ ನಿಧಾನಕ್ಕೆ ಎಳೆದರು. "ಬಣ್ಣ ಹೊಡ್ದಿದೀರ ಸಾರ್, ಕೆಲ್ಸ ಮಾಡಿಲ್ಲ" ಅಂದರು.

ಆಮೇಲೆ ಅಲ್ಲೇ ನಿಂತಿದ್ದ ಕಪ್ಪು ಕಾರಿನ ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ಮಂಡಿಯೂರಿ ಕೂರಿಸಿದರು. ಮೇಲೆ ಟ್ಯೂಬ್‌ಲೈಟ್ ಇತ್ತು. ಅದರ ಪ್ರತಿಬಿಂಬ ಬಾಗಿಲ ಮೇಲೆ ಬೆಳ್ಳನೆ ಗೆರೆಯಾಗಿ ಬಿದ್ದಿತ್ತು. "ಗೆರೆ ನೋಡಿ, ಬಣ್ಣ ನೋಡ್ಬೇಡಿ" ಅಂದರು. ಒಂದು ಕಡೆ ಗೆರೆ ದಾರ ಹಿಡಿದಂತೆ ನೆಟ್ಟಗೆ. ಒಂದು ಗೇಣು ಆಚೆ ಅದೇ ಗೆರೆ ಅಲುಗಾಡುವ ನೀರಿನ ಮೇಲೆ ಬಿದ್ದ ಹಾಗೆ ನಡುಗುತ್ತಿತ್ತು. ಅಲ್ಲಿ ಮೊದಲು ಗುದ್ದಿಸಿಕೊಂಡು ಪುಟ್ಟಿ ಹಾಕಿದ್ದರಂತೆ. ಬಿಳಿ ಕಾರಾಗಿದ್ದರೆ ಓನರ್‌ಗೇ ಗೊತ್ತಾಗ್ತಿರಲಿಲ್ಲ ಸಾರ್, ಕಪ್ಪಾದರೆ ಬೀದಿಯಲ್ಲಿ ಹೋಗೋರಿಗೂ ಗೊತ್ತಾಗುತ್ತೆ ಅಂದರು. ಕಪ್ಪು ಕಾರಿಗೆ ಕೂಲಿ ಜಾಸ್ತಿ ತಗೋತಾರಂತೆ. ನ್ಯಾಯ ಅನ್ನಿಸಿತು.

ಇದು ತಲೆಗೆ ಪೂರ್ತಿ ಇಳಿದದ್ದು ಮಾತ್ರ ಹಳೇಬೀಡಿನಲ್ಲಿ. ನೆಂಟರು ಬಂದರೆ ಹಾಸನದವರಿಗೆ ಬೇಲೂರು–ಹಳೇಬೀಡು ಡ್ಯೂಟಿ ತಪ್ಪಿದ್ದಲ್ಲ, ನೂರನೇ ಸಲ ಹೋಗಿದ್ದೆ. ಹೊಯ್ಸಳೇಶ್ವರನ ಮುಂದಿನ ನಂದಿ ಇದೆಯಲ್ಲ, ಅದರ ಮೈ ನೋಡುತ್ತಾ ನಿಂತೆ. ಬಳಪದ ಕಲ್ಲು. ಬಣ್ಣ ಇಲ್ಲ, ವಾರ್ನಿಶ್ ಇಲ್ಲ, ಏನೂ ಇಲ್ಲ. ಆದರೂ ಬೆಳಕು ಅದರ ಬೆನ್ನಿನ ಮೇಲೆ ಜಾರುತ್ತೆ. ಒಳಗೆ ತಿರುಗಣಿಯಲ್ಲಿ ಕಡೆದ ಹಾಗಿರುವ ಕಂಬಗಳೂ ಹಾಗೇ. ಬರೀ ಉಜ್ಜಿ ಉಜ್ಜಿ ತಂದ ಹೊಳಪು. ಮೇಲ್ಮೈ ಸಮ ಇದ್ದರೆ ಬೆಳಕು ಒಂದೇ ದಿಕ್ಕಿಗೆ ವಾಪಸ್ ಹೋಗುತ್ತದೆ, ನಮಗೆ ಹೊಳಪು ಅಂತ ಕಾಣುತ್ತದೆ. ಏರುಪೇರು ಇದ್ದರೆ ಅಷ್ಟ ದಿಕ್ಕಿಗೂ ಚದುರುತ್ತದೆ, ಮ್ಯಾಟ್ ಅನ್ನುತ್ತೇವೆ. ನಾನು ಇಷ್ಟು ದಿನ ಹೊಳಪನ್ನು ಡಬ್ಬಿಯೊಳಗೆ ಹುಡುಕುತ್ತಿದ್ದೆ.

ಮನೆಗೆ ಬಂದು ಇಂಜಿನ್ ಬಾಡಿಯನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದರೆ ಪ್ರಿಂಟಿನ ಪದರಗಳು ಚಕ್ಕುಲಿ ಸುತ್ತಿನ ಹಾಗೆ ಕಂಡವು. ಅಷ್ಟು ದಿನ ಕಂಡೇ ಇರಲಿಲ್ಲ. ಅಲ್ಲಿಂದ ಒಂದೂವರೆ ತಿಂಗಳು ಬರೀ ಉಜ್ಜಿದ್ದು. ಕಾರಿಗೆ ಬಣ್ಣಕ್ಕೂ ಮೊದಲು ಹೊಡೆಯುವ ಬೂದು ಸರ್ಫೇಸರ್ ತೆಳ್ಳಗೆ ಒಂದು ಕೋಟ್, ಒಣಗಿದ ಮೇಲೆ 600 ನಂಬರಿನ ವಾಟರ್ ಪೇಪರ್, ಮತ್ತೆ ಸರ್ಫೇಸರ್, ಆಮೇಲೆ 800, ಕೊನೆಗೆ 1000. ಪೇಪರನ್ನು ಹತ್ತು ನಿಮಿಷ ನೀರಲ್ಲಿ ನೆನೆಹಾಕಿ, ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿಕೊಂಡರೆ ಕಚ್ಚುವುದಿಲ್ಲ. ಭಾಯ್ ಹೇಳಿಕೊಟ್ಟ ಉಪಾಯ ಒಂದಿದೆ, ಅದಿಲ್ಲದೆ ನನಗೆ ಈ ಕೆಲಸ ಆಗುತ್ತಲೇ ಇರಲಿಲ್ಲ. ಬೂದು ಸರ್ಫೇಸರ್ ಮೇಲೆ ದೂರದಿಂದ ಸ್ವಲ್ಪ ಕಪ್ಪು ಉಗ್ಗಿಬಿಡಬೇಕು, ಮೆಣಸಿನ ಪುಡಿ ಉದುರಿಸಿದ ಹಾಗೆ. ಆಮೇಲೆ ಉಜ್ಜಿದರೆ ಉಬ್ಬಿದ ಕಡೆಯ ಕಪ್ಪೆಲ್ಲ ಹೋಗಿ, ತಗ್ಗಿನಲ್ಲಿರುವ ಕಪ್ಪು ಮಾತ್ರ ಉಳಿಯುತ್ತೆ. ಎಲ್ಲಿ ಇನ್ನೂ ತುಂಬಬೇಕು ಅಂತ ಅದೇ ತೋರಿಸುತ್ತೆ. ಇದಕ್ಕೆ ಗೈಡ್ ಕೋಟ್ ಅಂತಾರೆ.

ರಿವೆಟ್ ಇರುವ ಜಾಗದಲ್ಲಿ ಮಾತ್ರ ಪೇಪರ್ ಹಾಕಬೇಡಿ, ಒಂದೇ ಎಳೆತಕ್ಕೆ ತಲೆ ಹಾರಿಹೋಗುತ್ತೆ. ನಾನು ಕ್ಯಾಬಿನ ಎಡಗಡೆ ಒಂದು ಸಾಲು ರಿವೆಟ್ ಹಾಗೆ ಕಳೆದುಕೊಂಡಿದ್ದೇನೆ. ಫೋಟೋದಲ್ಲಿ ಬಲಗಡೆಯನ್ನೇ ತೋರಿಸುತ್ತೇನೆ. ಕೈಹಿಡಿ, ಪೈಪು, ಚಿಮಣಿ ಇವನ್ನೆಲ್ಲ ಬೇರೆಯಾಗಿ ಬಣ್ಣ ಹೊಡೆದು ಕೊನೆಗೆ ಅಂಟಿಸೋದು ಒಳ್ಳೇದು.

ಇನ್ನು ಬಣ್ಣ. ಗ್ಯಾರೇಜಿನವರು ಡ್ಯೂಕೋ ಅನ್ನುವ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಆರಿಸಿಕೊಂಡೆ. ಡ್ಯೂಕೋ ಅನ್ನೋದು ಮೂಲದಲ್ಲಿ ಡ್ಯೂಪಾಂಟ್ ಕಂಪನಿ 1920ರ ದಶಕದಲ್ಲಿ ತಂದ ಬಣ್ಣದ ಹೆಸರು, ನಮ್ಮಲ್ಲಿ ಅದು ಆ ಜಾತಿಯ ಬಣ್ಣಕ್ಕೆಲ್ಲ ಹೆಸರಾಗಿ ನಿಂತುಬಿಟ್ಟಿದೆ. ಬೇಗ ಒಣಗುತ್ತೆ, ಧೂಳು ಕೂರಲು ಸಮಯ ಕೊಡಲ್ಲ, ತಪ್ಪಾದರೆ ಉಜ್ಜಬಹುದು. ನಿಮ್ಮದು ಅಚ್ಚಿನ ಪ್ಲಾಸ್ಟಿಕ್ ಇಂಜಿನ್ ಆದರೆ ಹುಷಾರು, ಈ ಥಿನ್ನರ್ ಅದನ್ನು ಕರಗಿಸಬಹುದು. ಒಳಭಾಗದಲ್ಲಿ ಎಲ್ಲಾದರೂ ಹತ್ತಿ ಕಡ್ಡಿಯಲ್ಲಿ ಒಂದು ತೊಟ್ಟು ಮುಟ್ಟಿಸಿ ನೋಡಿ.

ಹೊಡೆಯುವ ಹಿಂದಿನ ರಾತ್ರಿ ಬಾಡಿಯನ್ನು ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿ ತೊಳೆದು, ಆಮೇಲೆ ಬರಿಗೈಯಲ್ಲಿ ಮುಟ್ಟಬಾರದು. ನಾನು ಒಂದು ಸಲ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈಯಲ್ಲೇ ಹಿಡಿದಿದ್ದೆ. ಬಣ್ಣ ಬಿದ್ದ ಕಡೆಯೆಲ್ಲ ಸುಮ್ಮನಿದ್ದು, ಬೆರಳು ಮುಟ್ಟಿದ್ದ ಕಡೆ ಮಾತ್ರ ಮುಟ್ಟಬೇಡ ಅನ್ನುವ ಹಾಗೆ ದೂರ ಸರಿದು ಗುಂಡಗೆ ಚಿಕ್ಕ ಗುಳಿಗಳಾದವು. ಐದು ಬೆರಳಿನ ಗುರುತು ಲೆಕ್ಕ ಹಾಕಬಹುದಿತ್ತು.

ನನ್ನ ಪೇಂಟ್ ಬೂತ್ ಅಂದರೆ ಹಿತ್ತಲ ಕಡೆಯ ಬಚ್ಚಲುಮನೆ. ನೆಲಕ್ಕೆ, ಗೋಡೆಗೆ ನೀರು ಚಿಮುಕಿಸಿ ಧೂಳು ಕೂರಿಸುತ್ತೇನೆ, ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಇದೆ. ಗ್ಯಾಸ್ ಗೀಸರ್ ಇರುವ ಬಚ್ಚಲಲ್ಲಿ ದಯವಿಟ್ಟು ಇದನ್ನು ಮಾಡಬೇಡಿ, ಈ ಥಿನ್ನರ್ ಆವಿ ಒಂದು ಕಿಡಿಗೆ ಕಾಯುತ್ತಿರುತ್ತೆ. ಬಟ್ಟೆ ಮಾಸ್ಕ್ ಸಾಲಲ್ಲ, ಕಾರ್ಟ್ರಿಜ್ ಇರುವ ಪೇಂಟರ್ ಮಾಸ್ಕೇ ಬೇಕು. ಅದು ಇಲ್ಲದೆ ಹೊಡೆದ ದಿನ ರಾತ್ರಿಯೆಲ್ಲ ತಲೆನೋವು, ಮನೆಯವಳ ಬೈಗುಳ ಬೇರೆ.

ಏರ್‌ಬ್ರಷ್, ಅಂದರೆ ಪೆನ್ನಿನ ಹಾಗೆ ಹಿಡಿದು ಗಾಳಿಯಲ್ಲಿ ಬಣ್ಣ ಉಗ್ಗುವ ಚಿಕ್ಕ ಗನ್, 0.3 ಮಿಲಿಮೀಟರ್ ನಾಝಲ್‌ದು. ಕಂಪ್ರೆಸರ್‌ನಲ್ಲಿ 18–20 ಪಿಎಸ್‌ಐ. ಬಣ್ಣದ ಹದ ನೀರು ದೋಸೆ ಹಿಟ್ಟಿಗಿಂತ ತೆಳ್ಳಗೆ, ನೀರು ಮಜ್ಜಿಗೆಯಷ್ಟು. ಬಟ್ಟಲ ಪಕ್ಕಕ್ಕೆ ತಾಗಿಸಿದರೆ ಸರ್ರನೆ ಇಳಿದು ಹಿಂದೆ ತೆಳ್ಳನೆಯ ಪರದೆ ಬಿಡಬೇಕು. ಮೊದಲ ಕೋಟ್ ಬರೀ ಮಂಜು ಹೊಡೆದ ಹಾಗೆ, ಕೆಳಗಿನ ಬೂದು ಬಣ್ಣ ಕಾಣುತ್ತಲೇ ಇರಬೇಕು. ಆಸೆ ಪಡಬಾರದು. ಹತ್ತು ನಿಮಿಷ ಬಿಟ್ಟು ಒದ್ದೆ ಕೋಟ್. ಇಲ್ಲೇ ಎಲ್ಲರೂ ಹೆದರೋದು, ನಾನೂ ಹೆದರಿದ್ದೆ. ಸೋರಿಬಿಡುತ್ತೆ ಅಂತ ದೂರದಿಂದ ಹೊಡೆದರೆ ಬಣ್ಣ ದಾರಿಯಲ್ಲೇ ಅರ್ಧ ಒಣಗಿ ಪೌಡರ್ ಆಗಿ ಕೂರುತ್ತೆ, ಮುಟ್ಟಿದರೆ ರವೆ. ಸ್ವಲ್ಪ ಹತ್ತಿರ ಬಂದರೂ ಬಣ್ಣ ಗಟ್ಟಿ ಇದ್ದರೆ ಸಮವಾಗಿ ಹರಡುವ ಮೊದಲೇ ಒಣಗಿ ಕಿತ್ತಳೆ ಸಿಪ್ಪೆ ತರ ಗುಳಿಗುಳಿ ಆಗುತ್ತೆ, ಗ್ಯಾರೇಜಿನವರು ಆರೆಂಜ್ ಪೀಲ್ ಅಂತಲೇ ಅನ್ನೋದು. ಸರಿಯಾದ ದೂರ ನನ್ನ ಕೈಗೆ ನಾಲ್ಕೈದು ಇಂಚು. ಬೆಳಕನ್ನು ಪಕ್ಕದಿಂದ ಇಟ್ಟುಕೊಂಡು, ಬಣ್ಣ ಬಿದ್ದ ಜಾಗ ಒದ್ದೆಯಾಗಿ ಮಿಂಚಿ, ಆ ಮಿಂಚಿನ ಅಂಚು ಗನ್ ಜೊತೆಗೇ ಮುಂದೆ ಸರಿಯುತ್ತಾ ಹೋಗುವುದನ್ನು ನೋಡುತ್ತಾ ಕೈ ಓಡಿಸಬೇಕು. ಆ ಅಂಚು ಕಾಣದಿದ್ದರೆ ವೇಗ ಜಾಸ್ತಿ ಆಯ್ತು. ಅಂಚು ದಪ್ಪಗಾಗಿ ಜೋಲಿದರೆ ಕಮ್ಮಿ ಆಯ್ತು. ಇಂಜಿನ್‌ನ ಹೊರಗೇ ಶುರು ಮಾಡಿ ಹೊರಗೇ ನಿಲ್ಲಿಸಬೇಕು.

ಬಾಯ್ಲರನ್ನು ಮುರಿದ ಪೊರಕೆ ಕೋಲಿಗೆ ಸಿಕ್ಕಿಸಿ ಉದ್ದಕ್ಕೆ ಹೊಡೆಯುತ್ತಾ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತೇನೆ. ಮೊದಲು ಹೊಟ್ಟೆಯ ಕೆಳಗೆ, ಆಮೇಲೆ ಬಾಯ್ಲರ್–ಕ್ಯಾಬ್ ಸೇರುವ ಮೂಲೆಗಳು, ಕೊನೆಗೆ ಬೆನ್ನು. ಮೊದಲೇ ಬೆನ್ನು ಹೊಡೆದರೆ ಪಕ್ಕಕ್ಕೆ ಹೊಡೆಯುವಾಗ ಎದ್ದ ಒಣ ಪುಡಿಯೆಲ್ಲ ಮೇಲೆ ಬಿದ್ದು ಅಂಟಿಕೊಳ್ಳುತ್ತೆ. ನಾಲ್ಕು ತೆಳು ಕೋಟ್, ಕೊನೆಯದಕ್ಕೆ ಥಿನ್ನರ್ ಇನ್ನೂ ಸ್ವಲ್ಪ ಜಾಸ್ತಿ. ಮುಗಿದ ತಕ್ಷಣ ಮೇಲೆ ಪ್ಲಾಸ್ಟಿಕ್ ಟಬ್ ಬೋರಲು ಹಾಕಿ, ಬಾಗಿಲು ಮುಚ್ಚಿ ಆಚೆ ಬಂದುಬಿಡಬೇಕು. ಮತ್ತೆ ಮತ್ತೆ ಹೋಗಿ ಟಬ್ ಎತ್ತಿ ನೋಡಬಾರದು. ನೋಡಿಯೇ ನೋಡುತ್ತೀರಿ, ಆದರೂ ಹೇಳಿದೆ.

ಈಗ ವಿಭೂತಿಯ ಕಥೆ. ಆವತ್ತು ಇದೆಲ್ಲವನ್ನೂ ಸರಿಯಾಗೇ ಮಾಡಿದ್ದೆ. ತಪ್ಪಿದ್ದು ತಿಂಗಳು ಮಾತ್ರ. ಅಂಗೈ ಮೇಲೆ ಥಿನ್ನರ್ ಬಿದ್ದರೆ ತಣ್ಣಗಾಗುತ್ತಲ್ಲ, ಅದೇ ಬಾಯ್ಲರ್ ಮೇಲೂ ಆಗುತ್ತೆ. ಥಿನ್ನರ್ ಹಾರುವಾಗ ಬಣ್ಣದ ಮೈ ಗಾಳಿಗಿಂತ ತಣ್ಣಗಾಗುತ್ತೆ. ಆಗಸ್ಟ್‌ನ ಗಾಳಿಯಲ್ಲಿ ತೇವ ತುಂಬಿರುತ್ತೆ, ಅದೂ ನೀರು ಚಿಮುಕಿಸಿದ ಬಚ್ಚಲಲ್ಲಿ ಇನ್ನೂ ಜಾಸ್ತಿ. ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಬೆವರುವ ಹಾಗೆ ಆ ತೇವ ಒದ್ದೆ ಬಣ್ಣದ ಮೇಲೆ ಇಳಿದು ಒಳಗೇ ಸಿಕ್ಕಿಹಾಕಿಕೊಂಡು ಬಿಳಿ ಮಂಜಾಗಿ ಕೂರುತ್ತದೆ. ಭಾಯ್‌ಗೆ ಫೋನ್ ಮಾಡಿದರೆ, "ಮಳೇಲಿ ಯಾರು ಹೊಡೀತಾರೆ ಸಾರ್? ನಾವೇ ರಿಟಾರ್ಡರ್ ಹಾಕ್ಕೊಂಡು ಹೊಡಿಯೋದು. ಉಜ್ಜಬೇಡಿ, ಬಿಸಿಲು ಬರ್ಲಿ, ಬಿಡಿ" ಅಂದರು.

ಬಿಟ್ಟೆ. ಬಿಸಿಲು ಬಂತು, ಆದರೆ ನವೆಂಬರ್–ಡಿಸೆಂಬರ್ ಬೆಳಗ್ಗೆ ಹತ್ತರವರೆಗೆ ಮಂಜು, ಮಧ್ಯಾಹ್ನ ಕೆಲಸ, ಹೀಗೆ ಫೆಬ್ರವರಿ ಆಯ್ತು. ಒಂದು ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ, ಬಿಸಿಲು ಚುರುಗುಟ್ಟುವಾಗ, ಬಣ್ಣ ಏನೂ ಹಾಕದೆ ಬರೀ ಥಿನ್ನರ್‌ಗೆ ಸ್ವಲ್ಪ ರಿಟಾರ್ಡರ್ ಸೇರಿಸಿ ಬಾಯ್ಲರ್ ಮೇಲೆ ತೆಳ್ಳಗೆ ಉಗ್ಗಿದೆ. ರಿಟಾರ್ಡರ್ ಅಂದರೆ ನಿಧಾನಕ್ಕೆ ಹಾರುವ ಥಿನ್ನರ್, ಮೈ ಅಷ್ಟು ತಣ್ಣಗಾಗಲು ಬಿಡುವುದಿಲ್ಲ, ಒಳಗಿನ ತೇವಕ್ಕೂ ಹೊರಗೆ ಹೋಗಲು ಸಮಯ ಕೊಡುತ್ತೆ. ಬೂದಿ ಒಂದು ಕಡೆಯಿಂದ ಕರಗುತ್ತಾ ಬಂತು. ಚಿಮಣಿ ಹತ್ತಿರ ಶುರುವಾಗಿ, ಡೋಮ್ ದಾಟಿ, ಕ್ಯಾಬ್‌ವರೆಗೆ, ಸ್ಲೇಟು ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಕಪ್ಪು ವಾಪಸ್ ಬಂತು. ಆರು ತಿಂಗಳ ಹಿಂದೆ ಹೊಡೆದ ಅದೇ ಕಪ್ಪು. ಮಗಳನ್ನು ಕೂಗಿ ಕರೆದೆ. ಅವಳು ಬರೋಷ್ಟರಲ್ಲಿ ಮುಗಿದಿತ್ತು. ಈಗ ಬಚ್ಚಲಲ್ಲಿ ತೇವ ಅಳೆಯುವ ಚಿಕ್ಕ ಮೀಟರ್ ಇಟ್ಟಿದ್ದೇನೆ, 65 ದಾಟಿದರೆ ಏರ್‌ಬ್ರಷ್ ಮುಟ್ಟಲ್ಲ. ನೀರನ್ನೂ ಅರ್ಧ ಗಂಟೆ ಮೊದಲೇ ಚಿಮುಕಿಸಿ ಒರೆಸಿಬಿಡುತ್ತೇನೆ.

ಆಮೇಲೆ ಎರಡು ವಾರ ಮುಟ್ಟಲಿಲ್ಲ. ಒಣಗಿದೆಯಾ ಅಂತ ನೋಡಲು ಮೂಗೇ ಸಾಕು. ಹತ್ತಿರ ಹಿಡಿದು ಮೂಸಿದಾಗ ಥಿನ್ನರ್ ವಾಸನೆ ಸ್ವಲ್ಪ ಬಂದರೂ ಇನ್ನೂ ಒಣಗಿಲ್ಲ. ನಂಬರ್ ಪಟ್ಟಿಯ ಸ್ಟಿಕ್ಕರ್ ಈ ಹಂತದಲ್ಲೇ ಹಾಕಬೇಕು, ನೀರಲ್ಲಿ ನೆನೆಸಿ ಜಾರಿಸುವ ಜಾತಿಯದು. ನುಣುಪಾದ ಮೈ ಮೇಲೆ ಅದು ಅಂಟಿಕೊಂಡರೆ ಅಡಿಯಲ್ಲಿ ಗಾಳಿ ಉಳಿಯಲ್ಲ. ಮ್ಯಾಟ್ ಮೇಲೆ ಹಾಕಿದರೆ ಗಾಳಿ ಸಿಕ್ಕಿಕೊಂಡು ಬೆಳ್ಳಿ ತರ ಪಳಪಳ ಅನ್ನುತ್ತೆ. ಮೇಲೆ ಎರಡು ತೆಳು ಕೋಟ್ ಕ್ಲಿಯರ್. ಹಾರ್ಡನರ್ ಬೆರೆಸುವ ಕಾರಿನ ಕ್ಲಿಯರ್ ಬಹಳ ಚೆನ್ನಾಗಿ ಬರುತ್ತೆ, ನಿಜ. ಆದರೆ ಆ ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಮನೆಯೊಳಗೆ ಬೇಡ. ಭಾಯ್ ಹತ್ತಿರ ಹೊಡೆದುಕೊಡಿ ಅಂತ ಕೇಳಿದೆ. ತಮ್ಮ ಗನ್ನಿನ ಮೂತಿ ತೋರಿಸಿ, "ಇದ್ರಲ್ಲಿ ಹೊಡೆದ್ರೆ ನಿಮ್ ರೈಲು ಮುಳುಗಿಹೋಗುತ್ತೆ, ಪೆನ್ನಲ್ಲೇ ಹೊಡೀರಿ" ಅಂದರು. ಸಾದಾ ಲ್ಯಾಕರ್ ಕ್ಲಿಯರನ್ನೇ ಹೊಡೆದೆ.

ಕೊನೆಗೆ ಪಾಲಿಶ್. 2000 ನಂಬರಿನ ಪೇಪರ್, ಸೋಪು ನೀರು, ಬೆರಳಿನ ಭಾರ ಅಷ್ಟೇ. ಅಂಚುಗಳಲ್ಲಿ ಬಣ್ಣ ಯಾವಾಗಲೂ ತೆಳ್ಳಗಿರುತ್ತೆ, ಅಲ್ಲಿಗೆ ಟೇಪ್ ಹಾಕಿಬಿಡಿ, ಇಲ್ಲದಿದ್ದರೆ ಬೂದು ಇಣುಕುತ್ತೆ. ಉಜ್ಜಿದ ಮೇಲೆ ಎಲ್ಲ ಮಂಕಾಗಿ, ಅಯ್ಯೋ ಇದ್ದದ್ದೂ ಹೋಯ್ತಲ್ಲ ಅನ್ನಿಸುತ್ತೆ. ಆಮೇಲೆ ರಬ್ಬಿಂಗ್ ಕಾಂಪೌಂಡ್, ಹಳೇ ಬನಿಯನ್ ಬಟ್ಟೆ. ಸ್ವಲ್ಪ ಹೊತ್ತಿಗೆ ಬಾಯ್ಲರ್ ಮೇಲೆ ಬಚ್ಚಲಿನ ಟ್ಯೂಬ್‌ಲೈಟ್ ಕಾಣಿಸಿತು. ನೆಟ್ಟಗೆ, ದಾರದ ಹಾಗೆ. ಒಂದು ಕಡೆ ಮಾತ್ರ, ಡೋಮ್ ಹಿಂದೆ, ಚೂರು ನಡುಗುತ್ತೆ. ಬಿಟ್ಟಿದ್ದೇನೆ.

ಸ್ಮೋಕ್‌ಬಾಕ್ಸ್, ಅಂದರೆ ಮುಂದಿನ ದುಂಡು ಮುಖದ ಭಾಗ, ಅದಕ್ಕೂ ಚಿಮಣಿಗೂ ಹೊಳಪು ಕೊಡಲಿಲ್ಲ. ನಿಜವಾದ ಇಂಜಿನ್‌ನಲ್ಲಿ ಬಾಯ್ಲರ್ ಮೇಲೆ ಶಾಖ ತಡೆಯುವ ಹೊದಿಕೆ, ಅದರ ಮೇಲೆ ತಗಡು, ತಗಡಿನ ಮೇಲೆ ಬಣ್ಣ. ಸ್ಮೋಕ್‌ಬಾಕ್ಸ್‌ಗೆ ಆ ಹೊದಿಕೆ ಇಲ್ಲ, ಬಿಸಿಗೆ ಬಣ್ಣ ಸುಟ್ಟು ಮಂಕಾಗೇ ಇರುತ್ತೆ. ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದಾಗಲೆಲ್ಲ ನಾನು ಈ ಗಡಿಯ ಫೋಟೋಗಳನ್ನೇ ಜಾಸ್ತಿ ತೆಗೆಯೋದು. ಮಂಕು ಕಪ್ಪು ಪಕ್ಕದಲ್ಲಿದ್ದಾಗಲೇ ಹೊಳೆಯುವ ಕಪ್ಪು ಎದ್ದು ಕಾಣೋದು.

ಹೋದ ವಾರ ಮಾವ ಬಂದಿದ್ದರು. ಎಂಬತ್ತು ದಾಟಿದೆ, ಕಣ್ಣಿಗೆ ಆಪರೇಷನ್ ಆಗಿದೆ. ಹೊರಗೆ ಜಿಟಿಜಿಟಿ ಮಳೆ. ಇಂಜಿನ್ ತಂದು ಟೀಪಾಯ್ ಮೇಲೆ ಇಟ್ಟೆ. ಕನ್ನಡಕ ತೆಗೆದರು, ಒರೆಸಿ ಹಾಕಿಕೊಂಡರು, ಬಗ್ಗಿ ಎರಡು ನಿಮಿಷ ನೋಡಿದರು. ನಾನು ಏನೂ ಮಾತಾಡಲಿಲ್ಲ.

"ಎಣ್ಣೆ ಜಾಸ್ತಿ ಆಯ್ತು ಕಣಯ್ಯಾ" ಅಂದರು. "ಇಷ್ಟು ಹಾಕಿದ್ರೆ ಮೆಟ್ಟಿಲು ಹತ್ತುವಾಗ ಜಾರ್ತಿತ್ತು."

ಆಮೇಲೆ ಹಿಂದೆ ತಿರುಗಿಸಿ ನೋಡಿ, "ಟೆಂಡರ್ ಎಲ್ಲಿ? ನೀರಿಲ್ಲ, ಕಲ್ಲಿದ್ದಲಿಲ್ಲ, ಎಲ್ಲಿಗೆ ಹೋಗ್ತೀಯಾ?"

ಹೊಸದಾಗಿ ಪ್ರಿಂಟ್ ಮಾಡಿಸಿದ ಟೆಂಡರ್ ಬೂದು ಸರ್ಫೇಸರ್‌ನಲ್ಲೇ ಇದೆ. ಮೀಟರ್ ನೋಡಿ ಬಂದೆ, 88.

"ಮಳೆ ನಿಲ್ಲಲಿ ಮಾವ" ಅಂದೆ.